ರಾಕ್ಷಸನಿಗೆ ಫೌಲ್ ಕೊಟ್ಟ ಮಾವ

ಕಬಡ್ಡಿ ಆಟಗಾರನಿಗೆ ಫೌಲ್ ಕೊಟ್ಟವರನ್ನು ನೀವು ನೋಡಿರುತ್ತೀರಿ. ಬೆಂಕಿ ಉಗುಳುವ ರಾಕ್ಷಸನಿಗೆ ವಿಷಲ್ ಊದಿ, ‘ಒಂದು ಹೆಜ್ಜೆ ಹಿಂದಕ್ಕೆ!’ ಎಂದು ಗದರಿದವರನ್ನು ನೋಡಿದ್ದೀರಾ? ನಾನು ನೋಡಿದ್ದೇನೆ. ಬರೀ ನೋಡಿದ್ದಲ್ಲ, ಅವರ ಮನೆಯಲ್ಲಿ ವರ್ಷಗಟ್ಟಲೆ ಉಪ್ಪಿಟ್ಟೂ ತಿಂದಿದ್ದೇನೆ. ಅವರು ನನ್ನ ಸೋದರಮಾವ!

ಮಾವ ತಿ. ನರಸೀಪುರದ ಒಂದು ಹೈಸ್ಕೂಲಿನಲ್ಲಿ ಡ್ರಿಲ್ ಮೇಷ್ಟ್ರು. ನಿಯಮವೆಂದರೆ ಅವರಿಗೆ ಪ್ರಾಣ. ನಮ್ಮ ಅಕ್ಕನ ಮದುವೆಯಲ್ಲಿ ಫೋಟೋಗೆ ನಿಂತವರನ್ನೆಲ್ಲ ಎತ್ತರದ ಪ್ರಕಾರ ಸಾಲು ಮಾಡಿಸಿ, ಕುಳ್ಳಗಿದ್ದ ಮದುಮಗನನ್ನು ಕಟ್ಟಕಡೆಗೆ ಕಳಿಸಿದ ಪುಣ್ಯಾತ್ಮರು. ಇವತ್ತಿಗೂ ಆ ಫೋಟೋ ನೋಡಿದವರು ಅಕ್ಕನ ಗಂಡ ಯಾರೆಂದು ಕೇಳುತ್ತಾರೆ!

ಇಂಥವರ ಕೈಗೆ ಆ ಪುಸ್ತಕ ಸಿಕ್ಕಿತು. ತೊಂಬತ್ತರ ದಶಕದ ನಡುವೆ ಒಂದು ದಿನ ಮೈಸೂರಿಗೆ ವಾಲಿಬಾಲ್ ನೆಟ್ ತರಲು ಹೋದ ಮಾವ, ಫುಟ್‌ಪಾತಿನ ಹಳೇ ಪುಸ್ತಕಗಳ ರಾಶಿಯಲ್ಲಿ ರಟ್ಟು ಹರಿದ ಒಂದು ದಪ್ಪ ಇಂಗ್ಲಿಷ್ ಪುಸ್ತಕ ಕಂಡರು. ತೆರೆದ ಪುಟದಲ್ಲಿ ‘ರೂಲ್ಸ್’ ಎಂಬ ಪದವಿತ್ತು. ಅಷ್ಟು ಸಾಕಿತ್ತು! ಕಬಡ್ಡಿಯ ನಿಯಮಗಳು ಒಂದು ತೆಳು ಪುಸ್ತಕದಲ್ಲಿ ಮುಗಿದುಹೋಗುತ್ತವೆ ಎನ್ನುವುದು ಅವರ ಬಹುಕಾಲದ ಕೊರಗು. ಇಟ್ಟಿಗೆಯಷ್ಟು ದಪ್ಪ ನಿಯಮಗಳಿರುವ ಆಟವೊಂದು ಲೋಕದಲ್ಲಿದೆ ಎಂದು ತಿಳಿದು ಅವರಿಗೆ ಅಂದು ನೆಟ್ ಮರೆತೇಹೋಯಿತು.

ನಾನು ಆಗ ನಂಜನಗೂಡಿನಲ್ಲಿ ಬಿ.ಎ. ಓದುತ್ತಿದ್ದೆ. ಮಾವನಿಂದ ಬುಲಾವ್ ಬಂತು. ‘ನಿಂಗೆ ಇಂಗ್ಲಿಷ್ ಬತ್ತದಲ್ಲಮ್ಮಿ, ಡಿಕ್ಷನರಿ ತಕೊಂಡು ಭಾನುವಾರ ಬಾ.’ ಹೋದೆ. ಓದಿದೆ. ಅರ್ಥವಾಗುವ ಹೊತ್ತಿಗೆ ನಾಲ್ಕು ಭಾನುವಾರ ಕಳೆಯಿತು. ಆ ಆಟಕ್ಕೆ ಅಂಕಣವಿಲ್ಲ, ಚೆಂಡಿಲ್ಲ. ನಾಲ್ಕು ಜನ ಕೂತು ಮಾತಾಡುವುದೇ ಆಟ! ಒಬ್ಬ ಕಥೆ ಹೇಳುತ್ತಾನೆ: ‘ನೀವು ಗುಹೆಯ ಬಾಗಿಲಲ್ಲಿ ನಿಂತಿದ್ದೀರಿ, ಒಳಗೆ ಏನೋ ಗುರುಗುಡುತ್ತಿದೆ.’ ಮಿಕ್ಕವರು ಒಬ್ಬ ವೀರ, ಒಬ್ಬ ಮಂತ್ರವಾದಿ ಎಂದು ವೇಷ ಊಹಿಸಿಕೊಂಡು, ತಾವೇನು ಮಾಡುತ್ತೇವೆಂದು ಹೇಳಬೇಕು. ಅದು ಕೈಗೂಡಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ಒಂದು ದಾಳ ತೀರ್ಮಾನಿಸುತ್ತದೆ. ಕಥೆ ಹೇಳುವವನೇ ಅಂಪೈರ್ ಕೂಡ. ‘ಅಂಪೈರ್’ ಎಂದು ಓದಿದ ಕೂಡಲೇ ಮಾವನ ಕಣ್ಣು ಹೊಳೆದದ್ದು ನನಗಿನ್ನೂ ನೆನಪಿದೆ.

ಇಪ್ಪತ್ತು ಮುಖದ ದಾಳವನ್ನು ಎಲ್ಲಿಂದ ತರುವುದು? ನರಸೀಪುರದಲ್ಲೂ ಇಲ್ಲ, ಬನ್ನೂರಿನಲ್ಲೂ ಇಲ್ಲ. ಪಕ್ಕದ ಮನೆಯ ಟೈಲರ್ ಸಿದ್ದಪ್ಪನವರು ಇಪ್ಪತ್ತು ಅಂಗಿ ಗುಂಡಿಗಳ ಹಿಂದೆ ಒಂದರಿಂದ ಇಪ್ಪತ್ತರವರೆಗೆ ಬರೆದು, ಬಟ್ಟೆಯ ಚೀಲವೊಂದರಲ್ಲಿ ಹಾಕಿ ಕೊಟ್ಟರು. ಕಣ್ಣು ಮುಚ್ಚಿ ಒಂದು ಗುಂಡಿ ಎತ್ತಬೇಕು. ಇಪ್ಪತ್ತು ಬಂದರೆ ಜಯಭೇರಿ, ಒಂದು ಬಂದರೆ ಸರ್ವನಾಶ! ಆಡಲು ನಾನು ಹೇಗೂ ಇದ್ದೆ, ಗುಂಡಿ ಕೊಟ್ಟ ತಪ್ಪಿಗೆ ಸಿದ್ದಪ್ಪನವರೂ ಆಟಗಾರರಾದರು. ಮೂರನೆಯವರು ನಮ್ಮ ಅತ್ತೆ. ಆಟವಾಡುತ್ತಲೇ ಅವರೆಕಾಯಿ ಸುಲಿಯಬಹುದು ಎಂಬ ಒಪ್ಪಂದದ ಮೇಲೆ ಬಂದು ಕೂತರು.

ಅತ್ತೆಗೆ ಪಾತ್ರ ಆರಿಸುವಾಗಲೇ ಮೊದಲ ವಿಘ್ನ. ಚೂಪು ಕಿವಿಯ ಒಂದು ಕಾಡುಜನಾಂಗವಿದೆ, ಅವರು ಐನೂರು ವರ್ಷ ಬದುಕುತ್ತಾರೆ ಎಂದು ನಾನು ಓದಿ ಹೇಳಿದೆ.

‘ಐನೂರು ವರ್ಸವಾ?’ ಅತ್ತೆ ಅವರೆಕಾಯಿ ಕೆಳಗಿಟ್ಟರು. ‘ಅಷ್ಟು ವರ್ಸ ಅಡ್ಗೆ ಮಾಡೋರು ಯಾರವ್ವಾ? ಬ್ಯಾಡ. ನಂಗೆ ಅರವತ್ತಕ್ಕೆ ಮುಗ್ಯೋದು ಯಾವ್ದಾರ ಕೊಡು.’

ಎರಡನೆಯ ವಿಘ್ನ ನನ್ನಿಂದಲೇ ಆಯಿತು. ವಿಷವೇರಿದವನು ಬದುಕುಳಿಯಲು ‘ಸೇವಿಂಗ್ ಥ್ರೋ’ ಮಾಡಬೇಕೆಂದಿತ್ತು. ಎಸೆತ ಎಂದು ಅನುವಾದಿಸಿದೆ. ದಾಳ ಎಸೆಯುವುದು ಎಂಬರ್ಥ ನನಗೆ ಹೊಳೆಯಲಿಲ್ಲ. ಡ್ರಿಲ್ ಮೇಷ್ಟರಿಗೆ ಹೊಳೆಯುವುದುಂಟೇ? ಹಿತ್ತಲಿನಲ್ಲಿ ಬಕೆಟ್ ಇಟ್ಟು ಹತ್ತು ಹೆಜ್ಜೆ ದೂರದಲ್ಲಿ ಗೆರೆ ಎಳೆದರು. ಕಥೆಯಲ್ಲಿ ಹಾವು ಕಚ್ಚಿದಾಗಲೆಲ್ಲ ಸಿದ್ದಪ್ಪನವರು ಟೆನಿಸ್ ಚೆಂಡು ಹಿಡಿದು ಹಿತ್ತಲಿಗೆ ಓಡಬೇಕಿತ್ತು. ಮೂರು ವಾರದಲ್ಲಿ ಅವರು ಐದು ಸಲ ಸತ್ತು, ಐದು ಸಲ ಹೊಸ ವೀರನಾಗಿ ಹುಟ್ಟಿದರು. ಐದು ಸಾವೂ ಬಕೆಟ್ಟಿನ ದೋಷ!

ಆಮೇಲೆ ಶುರುವಾಯಿತು ನೋಡಿ, ಆಡುವ ರೀತಿಯ ಬಗ್ಗೆ ಜಗಳ. ಇಡೀ ದಿನ ಸೂಜಿ ಹಿಡಿದು ಕೂರುವ ಸಾಧು ಸಿದ್ದಪ್ಪನವರು ಆಟದಲ್ಲಿ ಮಾತ್ರ ಕಂಡದ್ದನ್ನೆಲ್ಲ ಕತ್ತರಿಸಿಹಾಕುವ ವೀರ. ನಮ್ಮತ್ತೆ ಯಾರನ್ನೂ ಕೊಲ್ಲಲೊಲ್ಲರು. ಒಂದು ಸೇತುವೆಯ ಮೇಲೆ ರಾಕ್ಷಸ ಅಡ್ಡಗಟ್ಟಿದ. ರಾಕ್ಷಸ ಎಂದರೆ ಮಾವನೇ. ಎದ್ದು ನಿಂತು, ಕೈ ಅಗಲಿಸಿ ಗರ್ಜಿಸಿದರು.

‘ಕೇಳಾದೇನು ಸಾ? ಕತ್ತಿ ಈಚೆಗೆಳ್ದೆ, ಒಡ್ದೆ!’ ಎಂದರು ಸಿದ್ದಪ್ಪ.

‘ತಡೀರಿ ಸಿದ್ದಪ್ಪಾರೆ,’ ಎಂದು ಅತ್ತೆ ರಾಕ್ಷಸನ ಕಡೆ ತಿರುಗಿದರು. ‘ಊಟ ಆಯ್ತೇನಪ್ಪಾ?’

ಮಾವ ತಬ್ಬಿಬ್ಬಾಗಿ ಪುಸ್ತಕ ತಿರುವಿದರು. ರಾಕ್ಷಸನ ತೂಕವಿತ್ತು, ಉಗುರಿನ ಉದ್ದವಿತ್ತು, ಊಟದ ವಿಚಾರ ಇರಲಿಲ್ಲ. ‘ಇಲ್ಲ,’ ಎಂದರು ಸಣ್ಣಗೆ.

‘ಯಾವಾಗ್ಲಿಂದ?’

‘ಮೂರ್ ದಿನಾಯ್ತು.’

‘ಅದ್ಕೇ ಈ ಪಾಟಿ ಸಿಟ್ಟು. ಕೂತ್ಕೊ. ಮುದ್ದೆ, ಉಪ್ಸಾರು ಅದೆ.’

ರಾಕ್ಷಸ ಉಂಡು ದಾರಿ ಬಿಟ್ಟ. ‘ಇದೇನ್ ಯುದ್ಧವಾ ಮೇಷ್ಟ್ರೆ, ಬೀಗ್ರೂಟವಾ?’ ಎಂದು ಸಿದ್ದಪ್ಪ ಚೀರಾಡಿದರು. ಮಾವ ಪುಸ್ತಕ ನೋಡಿ ತೀರ್ಪು ಕೊಟ್ಟರು: ಕೊಂದರೆ ಮಾತ್ರ ಅಂಕ, ಉಣ್ಣಿಸಿದರೆ ಅಂಕವಿಲ್ಲ. ಹೀಗಾಗಿ ಅಂಕ ಕೂಡಿಸಿ ಕೂಡಿಸಿ ಸಿದ್ದಪ್ಪನವರ ವೀರ ಎಂಟನೇ ಮೆಟ್ಟಿಲು ಹತ್ತಿದರೂ ಅತ್ತೆ ವರ್ಷಗಟ್ಟಲೆ ಮೊದಲನೆಯದರಲ್ಲೇ ಉಳಿದರು. ಅವರಿಗೇನೂ ಬೇಸರವಿರಲಿಲ್ಲ. ಅಷ್ಟೊತ್ತಿಗೆ ಕಾಡಿನಲ್ಲಿ ಅವರಿಗೆ ಪರಿಚಯವಿಲ್ಲದ ರಾಕ್ಷಸರೇ ಇರಲಿಲ್ಲ!

ಹಾಗೆಂದು ಮಾವನಿಗೆ ಪಕ್ಷಪಾತವಿತ್ತು ಎನ್ನಬೇಡಿ. ಒಮ್ಮೆ ಬೆಂಕಿ ಉಗುಳುವ ರಾಕ್ಷಸನಾಗಿ ಆವೇಶ ಬಂದು, ಒಂದು ಸರದಿಯಲ್ಲಿ ಎರಡು ಸಲ ನನ್ನ ಮೇಲೆರಗಿದರು. ಅರ್ಧ ಗರ್ಜನೆಯಲ್ಲೇ ಅವರಿಗೆ ತಪ್ಪಿನ ಅರಿವಾಯಿತು. ಕೊರಳಲ್ಲಿದ್ದ ವಿಷಲ್ ಊದಿದರು. ‘ಫೌಲ್! ಒಂದು ಹೆಜ್ಜೆ ಹಿಂದಕ್ಕೆ!’ ಎಂದು ತಾವೇ ತಮಗೆ ಗದರಿ, ತಾವೇ ಒಂದು ಹೆಜ್ಜೆ ಹಿಂದೆ ಸರಿದರು. ಹಿಂದೆ ಅತ್ತೆಯ ಅವರೆಕಾಳಿನ ಮೊರವಿತ್ತು. ಆ ದಿನ ರಾಕ್ಷಸನಿಗೆ ನಿಜವಾಗಿ ಏಟು ಬಿದ್ದದ್ದು ಅತ್ತೆಯ ಬಾಯಿಂದ!

ದೊಡ್ಡ ಜಗಳವಾದದ್ದು ಸಿದ್ದಪ್ಪನವರ ಈ ಎಂಟನೇ ಮೆಟ್ಟಿಲಿನ ವೀರ ಸತ್ತಾಗ. ಏನೂ ಯುದ್ಧವಲ್ಲ, ಸುಮ್ಮನೆ ಹಳ್ಳ ದಾಟುವಾಗ ಗುಂಡಿ ಎತ್ತಿದರು, ಒಂದು ಬಂತು.

‘ಸತ್ರಿ,’ ಎಂದರು ಮಾವ.

‘ಆರು ವರ್ಸ ಸಾಕಿವ್ನಿ ಸಾ ಇವ್ನ! ಮಂಡಿಯುದ್ದ ನೀರ್ಗೆ ಬಿದ್ದು ಸತ್ರೆ ಅದ್ಯಾವ ಸೀಮೆ ನ್ಯಾಯ?’

‘ರೂಲು ರೂಲೇ.’

ಸಿದ್ದಪ್ಪನವರು ಎದ್ದು ಹೋದರು. ಎರಡು ತಿಂಗಳು ಮಾತಿಲ್ಲ. ಮಾವ ಹೊಲಿಯಲು ಕೊಟ್ಟಿದ್ದ ಪ್ಯಾಂಟು ಒಂದೇ ಕಾಲಿನೊಂದಿಗೆ ಅವರ ಅಂಗಡಿಯಲ್ಲಿ ನೇತಾಡುತ್ತಿತ್ತು. ನನಗೆ ತಡೆಯಲಾಗದೆ, ಪರಿಹಾರ ಹುಡುಕಲು ಪುಸ್ತಕವನ್ನು ಮೊದಲಿಂದ ಓದಿದೆ. ಅಷ್ಟು ವರ್ಷ ನಾನು ಹಾರಿಸಿಬಿಟ್ಟಿದ್ದ ಮುನ್ನುಡಿಯಲ್ಲೇ ಇತ್ತು: ‘ಆಡುವವರಿಗೆ ಸಂತೋಷವಾಗುವುದಾದರೆ ಈ ಪುಸ್ತಕದ ಯಾವ ನಿಯಮವನ್ನಾದರೂ ಬದಲಾಯಿಸಿಕೊಳ್ಳಬಹುದು.’ ಮಾವನಿಗೆ ಓದಿ ಹೇಳಿದೆ. ಅವರು ಕನ್ನಡಕ ಹಾಕಿಕೊಂಡು ಆ ಸಾಲನ್ನು ಎರಡು ಸಲ ದಿಟ್ಟಿಸಿದರು.

‘ಇದು ಪ್ರಿಂಟಿಂಗ್ ಮಿಸ್ಟೇಕು ಕಣಮ್ಮಿ,’ ಎಂದರು.

ಕೊನೆಗೆ ಅತ್ತೆಯೇ ಬಗೆಹರಿಸಿದರು. ಸತ್ತ ವೀರನಿಗೊಬ್ಬ ಅವಳಿ ತಮ್ಮನಿದ್ದನಂತೆ. ಅದೇ ಮೀಸೆ, ಅದೇ ಕತ್ತಿ, ಅದೇ ಎಂಟನೇ ಮೆಟ್ಟಿಲು! ಅವಳಿ ಇರಬಾರದೆಂದು ಪುಸ್ತಕದಲ್ಲಿ ಎಲ್ಲೂ ಇಲ್ಲವಾದ್ದರಿಂದ ಮಾವ ಒಪ್ಪಿದರು. ಪ್ಯಾಂಟಿಗೆ ಎರಡನೇ ಕಾಲೂ ಬಂತು.

ಹೀಗೆ ಹತ್ತು ವರ್ಷ. ನನಗೆ ನಂಜನಗೂಡಿನಲ್ಲೇ ಕೆಲಸ ಸಿಕ್ಕಿತು, ಮದುವೆಯಾಯಿತು. ಆದರೂ ತಿಂಗಳಿಗೊಂದು ಭಾನುವಾರ ನರಸೀಪುರದ ಬಸ್ಸು ತಪ್ಪಿಸುತ್ತಿರಲಿಲ್ಲ.

ಮಾವ ನಿವೃತ್ತರಾದ ವರ್ಷ ಅವರ ದನಿ ಒಡೆಯತೊಡಗಿತು. ಮೂವತ್ತು ವರ್ಷ ಮೈದಾನದಲ್ಲಿ ಕೂಗಿದ್ದಕ್ಕೆ ಇರಬೇಕು ಎಂದುಕೊಂಡೆವು. ಅದಲ್ಲ. ಮೈಸೂರಿನ ಡಾಕ್ಟರು ಗಂಟಲಿನಲ್ಲಿ ಗಡ್ಡೆ ಇದೆ, ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು ಎಂದರು. ತೆಗೆದರು. ಜೀವ ಉಳಿಯಿತು. ಉಸಿರು ಕತ್ತಿನ ಒಂದು ತೂತಿನಿಂದ ಆಡತೊಡಗಿತು. ವಿಷಲ್ ಬಾಯಿಗಿಟ್ಟರೂ ಊದಲು ಗಾಳಿ ಬರುತ್ತಿರಲಿಲ್ಲ. ಮಾವ ಕತ್ತಿಗೊಂದು ಬಿಳಿ ಬಟ್ಟೆ ಸುತ್ತಿಕೊಂಡು ಕೋಣೆ ಸೇರಿದರು. ಏನಾದರೂ ಬೇಕಾದರೆ ಸ್ಲೇಟಿನ ಮೇಲೆ ಬರೆಯುತ್ತಿದ್ದರು. ಆಮೇಲಾಮೇಲೆ ಅದನ್ನೂ ನಿಲ್ಲಿಸಿದರು. ಐದಾರು ತಿಂಗಳು ಯಾರ ಮುಖವನ್ನೂ ನೋಡಲಿಲ್ಲ.

ಒಂದು ಭಾನುವಾರ ನಾನು ಹೋದಾಗ ಹಜಾರದಲ್ಲಿ ಚಾಪೆ ಹಾಸಿತ್ತು. ಸಿದ್ದಪ್ಪನವರು ಬಂದು ಕೂತಿದ್ದರು. ಅತ್ತೆ ಕೋಣೆಯ ಬಾಗಿಲಲ್ಲಿ ನಿಂತು ಕರೆಯುತ್ತಿದ್ದರು. ಮಾವ ಸ್ಲೇಟಿನಲ್ಲಿ ಬರೆದು ತೋರಿಸಿದರು: ‘ಮಾತಿಲ್ಲದವನು ಅಂಪೈರ್ ಆಗೋದಕ್ಕೆ ಆಗಲ್ಲ.’

‘ನಿಮ್ಮನ್ಯಾರು ಅಂಪೈರಾಗಿ ಅಂದ್ರು? ಇವತ್ತು ನಾನು ಅಂಪೈರು. ನೀವು ಆಡಿ,’ ಎಂದರು ಅತ್ತೆ.

ಆಗ ಹೊಳೆಯಿತು ನನಗೆ. ಹತ್ತು ವರ್ಷದಲ್ಲಿ ಮಾವ ಒಂದೇ ಒಂದು ಸಲವೂ ಆಡಿರಲಿಲ್ಲ! ನಮ್ಮನ್ನೆಲ್ಲ ಆಡಿಸಿದ್ದರು, ಅಷ್ಟೆ.

ಬಹಳ ಹೊತ್ತಿನ ಮೇಲೆ ಅವರು ಬಂದು ಚಾಪೆಯ ಅಂಚಿನಲ್ಲಿ ಕೂತರು. ಅತ್ತೆ ಪುಸ್ತಕ ಮುಟ್ಟಲೂ ಇಲ್ಲ. ‘ಒಂದು ಊರು. ಈಗಷ್ಟೆ ಬೆಳಗಾಗದೆ. ನೀವು ಊರ ಬಾಗ್ಲಲ್ಲಿ ನಿಂತಿದೀರಿ. ಯಾರು ನೀವು?’

ಮಾವ ಸ್ಲೇಟು ಎತ್ತಿಕೊಂಡರು. ವೀರ ಎನ್ನುತ್ತಾರೆ, ಇಲ್ಲವೇ ಮಂತ್ರವಾದಿ ಎನ್ನುತ್ತಾರೆ ಎಂದುಕೊಂಡೆ. ಅವರು ಒಂದೇ ಪದ ಬರೆದು ನಮ್ಮ ಕಡೆ ತಿರುಗಿಸಿದರು.

‘ಹಾಡುಗಾರ.’

ಅತ್ತೆ ಸೆರಗಿನಿಂದ ಒಮ್ಮೆ ಮುಖ ಒರೆಸಿಕೊಂಡರು. ಗುಂಡಿ ಎತ್ತಿ ಎನ್ನಲಿಲ್ಲ. ‘ಸರಿ. ಹಾಡಿ,’ ಎಂದರು.

ಮಾವ ಸ್ಲೇಟು ಕೆಳಗಿಟ್ಟು ಕಣ್ಣು ಮುಚ್ಚಿದರು. ತುಟಿ ಅಲುಗಿತು. ಕತ್ತಿನ ಬಿಳಿ ಬಟ್ಟೆ ಮೆಲ್ಲಗೆ ಏರಿ ಇಳಿಯತೊಡಗಿತು. ಬಲಗೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು.

‘ಊರೋರೆಲ್ಲ ಬಾಗ್ಲಿಗೆ ಬಂದು ನಿಂತವ್ರೆ,’ ಎಂದರು ಅತ್ತೆ ಪಿಸುದನಿಯಲ್ಲಿ. ‘ನೀರ್ಗೋಗೋರು ಬಿಂದ್ಗೆ ಇಳ್ಸವ್ರೆ.’

ಸಿದ್ದಪ್ಪನವರೂ ಅದೇ ದನಿಯಲ್ಲಿ ಹೇಳಿದರು. ‘ನಾನು ಕತ್ತಿ ಕೆಳಗಿಟ್ಬುಟ್ಟೆ ಕಣಮ್ಮ. ಕೇಳ್ತಾ ಕುಂತಿವ್ನಿ.’

ಹಾಡು ಮುಗಿಯುವವರೆಗೂ ನಾವು ಯಾರೂ ಅಲುಗಾಡಲಿಲ್ಲ.