ತಂಬೂರಿಯೂ ಮೇಕೆಯ ಗೊರಸೂ

ಶ್ರುತಿಯಿಲ್ಲದೆ ದೇವರನಾಮ ಹಾಡುವುದೆಂದರೆ ಹಗ್ಗವಿಲ್ಲದೆ ಮಡಿಬಟ್ಟೆ ಒಣಹಾಕಿದಂತೆ ಎಂದು ನಂಬಿದ ಜೀವ ನನ್ನದು. ತೊಂಬತ್ತನೆಯ ಇಸವಿಯ ಆರಂಭದ ಚಳಿಗಾಲ, ಯುದ್ಧದ ಸುಳಿವೂ ಇಲ್ಲದಾಗ, ಕುವೈತಿನ ಅಹ್ಮದಿಯಲ್ಲಿದ್ದ ಮಗಳ ಮನೆಗೆ ತಂಬೂರಿಯಿಲ್ಲದೆ ಬಂದಿದ್ದೆ. ಫ್ರಿಜ್ಜಿನ ಗುಂಯ್‌ಗುಡುವಿಕೆಯನ್ನೇ ಷಡ್ಜವೆಂದು ಹಿಡಿದು ಹಾಡುತ್ತಿದ್ದೆ. ಅದು ನಡುನಡುವೆ ತಾನಾಗಿಯೇ ನಿಂತುಬಿಡುತ್ತಿತ್ತು. ನಾನು ಅನುಪಲ್ಲವಿಯಲ್ಲಿ ಅನಾಥನಾಗುತ್ತಿದ್ದೆ.

ಆದ್ದರಿಂದಲೇ ಅಳಿಯ, "ಮಾವ, ಶುಕ್ರವಾರ ನಮ್ಮ ಆಫೀಸಿನವರು ಹಳೇ ಬಂದರಿನ ಬದಿ ನಡೆದು ನೋಡ್ಲಿಕ್ಕೆ ಹೋಗ್ತಾರೆ. ಕಡೆಗೆ ತಂಬೂರ ಉಂಟಂತೆ" ಎಂದಾಗ ನನಗೆ ರೋಮಾಂಚನವಾಯಿತು. ಅಂದು ಏಕಾದಶಿ ಬೇರೆ. ನಿರಾಹಾರನಾಗಿ, ಮಿಂದು, ಪಟ್ಟೆಮಡಿಯುಟ್ಟು, ಯಾರ ಮೈಯೂ ತಾಗದಂತೆ ನೆರಿಗೆ ಎತ್ತಿ ಹಿಡಿದು ಹೊರಟೆ.

ದಾರಿ ತೋರಿಸಿದವನು ಮುಬಾರಕ್ ಎಂಬ ವೃದ್ಧ ನಾವಿಕ. ಹೆಂಚು ಒಯ್ಯಲು ಮಂಗಳೂರಿಗೆ ಬರುತ್ತಿದ್ದವನಾದ್ದರಿಂದ ಅವನ ಹಿಂದಿ ನನ್ನದಕ್ಕಿಂತ ಮೇಲು. ಅವನ ಪೂರ್ವಿಕರನ್ನು ಆಫ್ರಿಕದಿಂದ ಹಡಗಿನಲ್ಲಿ ತಂದು ಮಾರಿದ್ದರಂತೆ. ಮರದ ಹಡಗುಗಳ ಕಟ್ಟೆಯ ಬಳಿ ಅವನು ತೊಡೆ ತಟ್ಟಿ ಅವರ ತಾಳವೊಂದನ್ನು ತೋರಿಸಿದಾಗ, ನಮ್ಮೊಡನಿದ್ದ ಬ್ರೆಜಿಲ್ ದೇಶದ ಎಂಜಿನಿಯರ್ ತಾನೂ ತೊಡೆ ತಟ್ಟಿ ಮರುತಾಳ ಹಾಕಿದ. ಅವನ ಹಿರಿಯರನ್ನೂ ಹಾಗೆಯೇ ಮತ್ತೊಂದು ಸಮುದ್ರ ದಾಟಿಸಿದ್ದರಂತೆ. ಇದೇ ತಾಳ ತನ್ನೂರ ಬಂದರಿನಲ್ಲೂ ಇದೆಯೆಂದು ಕಣ್ಣೊರೆಸಿಕೊಂಡ. ನಾನು ಗಂಭೀರವಾಗಿ ತಲೆದೂಗಿದೆ. ಮನಸ್ಸೆಲ್ಲ ತಂಬೂರಿಯಲ್ಲಿತ್ತು.

ಕೊನೆಯ ಮನೆಯನ್ನು ಹೊಕ್ಕು ನೋಡಿದರೆ ಸೋರೆಬುರುಡೆಯೂ ಇಲ್ಲ, ದಂಡಿಯೂ ಇಲ್ಲ; ತೊಟ್ಟಿಲ ಚೌಕಟ್ಟಿಗೆ ತಂತಿ ಬಿಗಿದಂಥದ್ದೊಂದು ವಾದ್ಯ, ಪಕ್ಕದಲ್ಲಿ ಡೋಲುಗಳು. ಅವರ ತಂಬೂರ ಅದೇ! ಆದರೂ ಮುಬಾರಕ್ ತಂತಿ ಮೀಟಿದಾಗ ಎದ್ದ ನಾದ ನನ್ನ ಷಡ್ಜದ ಮೇಲೆಯೇ ಬಂದು ಕುಳಿತಿತು. ಒಂದೇ ಒಂದು ಪದ ಹಾಡಲೇ ಎಂದು ಕೈಮುಗಿದು ಕೇಳಿದೆ.

ಅವನು ಗೋಡೆಯಿಂದ ನಡುಪಟ್ಟಿಯೊಂದನ್ನು ಇಳಿಸಿದ. ಅದರ ತುಂಬ ಗೆಜ್ಜೆಯಂತೆ ಗಲಗಲಿಸುವ ಮೇಕೆಯ ಗೊರಸುಗಳು. "ಇಲ್ಲಿ ಹಾಡುವವ ಇದನ್ನು ಕಟ್ಟಬೇಕು, ಪಂಡಿತ್‌ಜೀ, ಕಟ್ಟಿದವ ಕುಣಿಯಬೇಕು. ಇಲ್ಲವಾದರೆ ಖಲಾಸ್."

"ಮಾವ, ಮಡಿ" ಎಂದು ಅಳಿಯ ಪಿಸುಗುಟ್ಟಿದ.

ಪಟ್ಟೆಯ ಮೇಲೆ ಗೊರಸು, ಅದೂ ಹರಿದಿನದಂದು. ಹಿಂದೆ ಸರಿಯಬೇಕೆನ್ನುವಷ್ಟರಲ್ಲಿ ತಂತಿ ಮತ್ತೊಮ್ಮೆ ಮಿಡಿಯಿತು. "ಕಟ್ಟಪ್ಪ" ಎಂದೆ.

ಪಲ್ಲವಿಯಲ್ಲಿ ನಾನು ಗೊರಸುಗಳನ್ನು ಕುಣಿಸಿದೆ. ಚರಣಕ್ಕೆ ಬರುವಷ್ಟರಲ್ಲಿ ಅವೇ ನನ್ನನ್ನು ಕುಣಿಸತೊಡಗಿದವು. ಬ್ರೆಜಿಲ್‌ನವನು ಡೋಲು ಹಿಡಿದ. ಅಳಿಯ ಕಣ್ಣು ಮುಚ್ಚಿಕೊಂಡ, ಭಕ್ತಿಯಿಂದಲ್ಲ.

ಮನೆಗೆ ಬಂದು ತಲೆಗೆ ಮಿಂದೆ. ಮಡಿ ಮರಳಿತು, ಹೆಜ್ಜೆ ಹೋಗಲಿಲ್ಲ. ಮರುದಿನ ದ್ವಾದಶಿಯ ಮಂಗಳಾರತಿಗೆಂದು ಕಣ್ಣರೆಮುಚ್ಚಿ ಗಂಟೆ ಬಾರಿಸುತ್ತಿದ್ದಾಗ ಬಾಗಿಲಿನಿಂದ ಮಗಳ ಸ್ವರ ಕೇಳಿಸಿತು: "ಅಪ್ಪಯ್ಯ, ದೇವರಿಗೆ ಗಂಟೆ ಸಾಕು, ಸೊಂಟ ಬೇಡ."