ಶೆಡ್ಡಿನ ವಿಮಾನಕ್ಕೆ ಕೆಮ್ಮು

ವಿಮಾನ ಬೆಳಗ್ಗೆ ಎದ್ದ ಕೂಡಲೇ ಕೆಮ್ಮಿತು. ಆಮೇಲೆ ಢಬ್ ಎಂದು ಒಂದು ಸದ್ದು ಮಾಡಿ ಗಪ್‌ಚಿಪ್ಪಾಯಿತು.

ಕನ್ನಡಕದಂಗಡಿಯವನ ಎದೆಯೂ ಅದರ ಜೊತೆಗೇ ನಿಂತ ಹಾಗಾಯಿತು. ಮನೆ ಹಿಂದಿನ ಕಾರ್ ಶೆಡ್ಡಿನಲ್ಲಿ ವರ್ಷಗಟ್ಟಲೆ ಕೂತು ಕಟ್ಟಿದ ಪುಟ್ಟ ವಿಮಾನ ಅದು. ಎಂಜಿನ್ ಮಾತ್ರ ಗುಜರಿಗೆ ಹೊರಟಿದ್ದ ಹಳೇ ಕಾರಿನ ರೋಟರಿ ಎಂಜಿನ್. ಸಂಜೆ ವಿಮಾನಯಾನ ಇಲಾಖೆಯ ಇನ್‌ಸ್ಪೆಕ್ಟರ್ ಬರುತ್ತಾರೆ. ಎಂಜಿನ್ ಸರಿಯಾಗಿ ಓಡಿದರೆ ಹಾರೋದಕ್ಕೆ ಅನುಮತಿ, ಇಲ್ಲದಿದ್ದರೆ ಅವರು ಮತ್ತೆ ಈ ಕಡೆ ತಲೆ ಹಾಕುವುದು ಮುಂದಿನ ವರ್ಷ. ಬೀದಿಯವರು ಆಗಲೇ 'ಪೈಲಟ್ ಸಾಹೇಬ್ರು' ಅಂತ ಹೆಸರಿಟ್ಟು ನಗುತ್ತಿದ್ದರು. ಇನ್ನೊಂದು ವರ್ಷ ಆ ನಗು ತಡೆದುಕೊಳ್ಳುವ ಶಕ್ತಿ ಅವನಿಗಿರಲಿಲ್ಲ.

ಢಬ್ ಸದ್ದಿಗೆ ಮೊದಲು ಓಡಿ ಬಂದವರು ಎದುರು ಮನೆಯ ರಿಟೈರ್ಡ್ ಬಸ್ ಡ್ರೈವರ್.

"ಪಿಸ್ಟನ್ ಹಿಡ್ಕೊಂಡಿದೆ ಕಣಯ್ಯಾ!"

"ಇದರಲ್ಲಿ ಪಿಸ್ಟನ್ನೇ ಇಲ್ಲಣ್ಣ. ಒಳಗೆ ಮೂರು ಮೂಲೆಯ ರೋಟರ್ ತಿರುಗತ್ತೆ ಅಷ್ಟೇ."

ಡ್ರೈವರ್ ಬಗ್ಗಿ ನೋಡಿದರು. "ಪಿಸ್ಟನ್ ಇಲ್ವಾ? ಮತ್ತೆ ಹೆಂಗಯ್ಯಾ ಸ್ಟಾರ್ಟ್ ಆಗತ್ತೆ? ಗುಜರಿಯವನು ಬಿಚ್ಕೊಂಡು ನಿಂಗೆ ಟೋಪಿ ಹಾಕಿದಾನೆ!"

ಹಾಗೆಂದವರೇ ವಿಮಾನದೊಳಗೆ ಕೂತು ಸ್ಟಾರ್ಟರ್ ಒತ್ತಿ ಹಿಡಿದರು. ಸುಸ್ತಾದ ಬಸ್ಸನ್ನು ಏರಿನಲ್ಲಿ ಬೈದು ಹತ್ತಿಸಿದ ಅನುಭವಸ್ಥ ಬೆರಳು ಅದು, ಬಿಡಲಿಲ್ಲ. ಪೆಟ್ರೋಲು ಒಳಗೆ ತುಂಬಿ, ಎಂಜಿನ್ ನೀರಲ್ಲಿ ಬಿದ್ದ ಕೋಳಿಯಂತೆ ತೊಯ್ದು ಕೂತಿತು.

ಅಷ್ಟರಲ್ಲಿ ಪಕ್ಕದ ಮನೆಯ ಪಂಪ್ ರಿಪೇರಿಯವನು ಕೈಯಲ್ಲಿ ಆಯಿಲ್ ಡಬ್ಬ ಹಿಡಿದೇ ಬಂದ. "ಸಾಹೇಬ್ರೇ, ಪ್ಲಗ್ ಬಿಚ್ಚಿ ಎರಡು ಚಮಚ ಆಯಿಲ್ ಬಿಡಿ, ಒಳಗೆ ಗಾಳಿ ಸೋರದೆ ಬಿಗಿ ಬರತ್ತೆ."

ಕನ್ನಡಕದಂಗಡಿಯವನಿಗೆ ಅಚ್ಚರಿಯಾಯಿತು. ತೊಯ್ದ ರೋಟರಿಗೆ ನಿಜವಾದ ಮದ್ದು ಅದೇ! ಆದರೆ ಅವನು ಚಮಚ ಹುಡುಕಿ ತರುವಷ್ಟರಲ್ಲಿ ಪಂಪಿನವನು ಅಂದಾಜಿಗೆ ಅರ್ಧ ಡಬ್ಬ ಸುರಿದಿದ್ದ.

ಈ ಸಲ ಎಂಜಿನ್ ಒಂದೇ ಒಂದು ಗಳಿಗೆ ಹತ್ತಿಕೊಂಡಿತು. ಆ ಒಂದು ಗಳಿಗೆಗೆ ಬಂದ ಬಿಳೀ ಹೊಗೆಯಲ್ಲಿ ಶೆಡ್ಡು ಮಾಯ, ಅಂಗಳ ಮಾಯ, ಡ್ರೈವರ್ ಮಾಯ. ಹಗ್ಗದ ಮೇಲೆ ಒಣಹಾಕಿದ್ದ ಬಟ್ಟೆಗಳು ವಿಮಾನದ ಮೂತಿಯ ಫ್ಯಾನಿನ ಗಾಳಿಗೆ ಕಾಂಪೌಂಡ್ ಹಾರಿದವು.

"ರೀ!" ಹೊಗೆಯೊಳಗಿಂದ ಹೆಂಡತಿಯ ದನಿ ಬಂತು. "ವಿಮಾನ ಹಾರದಿದ್ರೂ ನನ್ನ ಬೆಡ್‌ಶೀಟ್ ಹಾರ್ತು ನೋಡಿ!"

ಹೊಗೆ ಇಳಿದರೂ ಡ್ರೈವರ್, ಪಂಪಿನವನು ಇಬ್ಬರೂ ಕದಲಲಿಲ್ಲ. ಒಬ್ಬರು ಗೇರ್ ಬಾಕ್ಸ್ ಬಿಚ್ಚೋಣ ಎಂದರು, ಇನ್ನೊಬ್ಬ ಟ್ಯಾಂಕ್ ತೊಳೆಯೋಣ ಎಂದ. ಇವರಿದ್ದರೆ ಸಂಜೆಗೆ ಇನ್‌ಸ್ಪೆಕ್ಟರಿಗೆ ತೋರಿಸಲು ನಟ್ಟು ಬೋಲ್ಟಿನ ರಾಶಿ ಮಾತ್ರ ಉಳಿಯುತ್ತದೆ ಎಂದು ಕನ್ನಡಕದಂಗಡಿಯವನಿಗೆ ಖಾತ್ರಿಯಾಯಿತು. ಬೈದರೆ ಹೋಗುವವರಲ್ಲ. ಹೊಗಳಿದ.

"ಅಣ್ಣಾ, ನೀವು ಹೇಳಿದ ಮೇಲೇ ತೊಂದ್ರೆ ಎಲ್ಲಿದೆ ಅಂತ ಹೊಳೀತು. ನೀವಿಲ್ದಿದ್ರೆ ಈ ವಿಮಾನವೇ ಇಲ್ಲ! ಪಂಪ್ ಮಾಸ್ಟ್ರೇ, ಎಂಜಿನ್ನಿಗೆ ಜೀವ ಕೊಟ್ಟವರೇ ನೀವು. ಹೋಗಿ ಊಟ ಮಾಡಿ."

ಇಬ್ಬರೂ ಮೀಸೆ ತಿರುವುತ್ತಾ ಹೋದರು. ಅವನು ಷಟರ್ ಎಳೆದುಕೊಂಡು ಮೊದಲಿಂದ ನೋಡುತ್ತಾ ಬಂದ. ಒಂದೊಂದು ರೋಟರಿಗೂ ಎರಡು ಪ್ಲಗ್. ಕೆಳಗಿನದು ಮೊದಲು ಕಿಡಿ ಹಾರಿಸಬೇಕು, ಮೇಲಿನದು ಆಮೇಲೆ. ಹಿಂದಿನ ದಿನ ಎಲ್ಲವನ್ನೂ ಒರೆಸಿ ಹೊಳಪು ಕೊಡುವ ಹುರುಪಿನಲ್ಲಿ ತಾನೇ ವೈರುಗಳನ್ನು ಮೇಲೆ ಕೆಳಗೆ ಮಾಡಿಬಿಟ್ಟಿದ್ದ! ಬದಲಿಸಿದ, ಸುರಿದಿದ್ದ ಆಯಿಲ್ ಹೊರಗೆ ತೆಗೆದ, ಪ್ಲಗ್ ಒಣಗಿಸಿದ, ಸ್ಟಾರ್ಟರ್ ಒತ್ತಿದ. ಎಂಜಿನ್ ಎಣ್ಣೆ ಹಾಕಿದ ಹೊಲಿಗೆ ಮೆಷಿನ್ನಿನಂತೆ ಓಡಿತು. ಅವನು ಒಬ್ಬನೇ ಕುಣಿದ.

ಸಂಜೆ ಇನ್‌ಸ್ಪೆಕ್ಟರ್ ಕಿವಿಗೊಟ್ಟು ಕೇಳಿದರು, ಬಿಸಿ ನೋಡಿದರು, ಬೋಲ್ಟು ಬೋಲ್ಟು ಮುಟ್ಟಿದರು. "ಭೇಷ್! ರೋಟರಿ ಎಂಜಿನ್ ಇಷ್ಟು ನಯವಾಗಿ ಓಡಿದ್ದು ನಾನು ನೋಡೇ ಇಲ್ಲ." ಜೇಬಿನಿಂದ ಪೆನ್ನು ತೆಗೆದರು.

"ಓಡದೆ ಏನ್ ಸಾರ್!" ಬಾಗಿಲಲ್ಲಿ ಡ್ರೈವರ್ ಎದೆಯುಬ್ಬಿಸಿ ನಿಂತಿದ್ದರು, ಇಸ್ತ್ರಿ ಶರ್ಟು ಹಾಕಿಕೊಂಡು. "ತೊಂದ್ರೆ ಕಂಡುಹಿಡಿದವನು ನಾನು."

"ಎಂಜಿನ್ ಪೂರ್ತಿ ನನ್ನ ಕೈಯಲ್ಲಿ ಆಗಿದ್ದು ಸಾರ್," ಪಂಪಿನವನು ಅವರನ್ನು ತಳ್ಳಿ ಮುಂದೆ ಬಂದ.

"ಸಾರ್, ಇವ್ರು ಸುಮ್ನೆ ಹೇಳ್ತಿದಾರೆ!" ಕನ್ನಡಕದಂಗಡಿಯವನು ಚೀರಿದ.

"ಯಾರಯ್ಯಾ ಸುಮ್ನೆ ಹೇಳೋದು? ನಾನಿಲ್ದಿದ್ರೆ ವಿಮಾನವೇ ಇಲ್ಲ ಅಂತ ಮಧ್ಯಾಹ್ನ ನೀನೇ ಹೇಳ್ದೆಯಲ್ಲ?"

ಅವನು ಹೆಂಡತಿಯ ಕಡೆ ಆಸೆಯಿಂದ ತಿರುಗಿದ. ಕಾಫಿ ತಂದಿದ್ದ ಅವಳು ಟ್ರೇ ಕೆಳಗಿಟ್ಟಳು. "ಎಲ್ಲರ ಹೆಸ್ರೂ ಬಂತು, ನನ್ನದೊಂದೇ ಬರ್ಲಿಲ್ಲ. ರೆಕ್ಕೆಗಳಿಗೆ ಬಟ್ಟೆ ಹೊಲಿದು ಹಾಕಿದ್ದು ಯಾರ್ರೀ?"

ಇನ್‌ಸ್ಪೆಕ್ಟರ್ ಪೆನ್ನಿನ ಮುಚ್ಚಳ ಹಾಕಿದರು. "ನೋಡಿ, ಮನೆಯಲ್ಲಿ ಕಟ್ಟಿದ ವಿಮಾನಕ್ಕೆ ಈ ಅನುಮತಿ ಸಿಗಬೇಕಾದ್ರೆ ಅರ್ಧಕ್ಕಿಂತ ಹೆಚ್ಚು ಕೆಲಸ ಕಟ್ಟಿದವರೇ ಮಾಡಿರಬೇಕು. ಇಲ್ಲಿ ನಿಮ್ಮ ಪಾಲಿಗೆ ಉಳಿದಿರೋದು ಸೀಟೊಂದೇ. ಪೂರ್ತಿ ಬಿಚ್ಚಿ, ನೀವೊಬ್ಬರೇ ಮತ್ತೆ ಜೋಡಿಸಿ. ಮುಂದಿನ ವರ್ಷ ಬರ್ತೀನಿ."

ಜೀಪು ಹೋಯಿತು. ಅವನು ವಿಮಾನದ ಚಕ್ರಕ್ಕೆ ಒರಗಿ ನೆಲದ ಮೇಲೆ ಕೂತುಬಿಟ್ಟ.

ಡ್ರೈವರಿಗೆ ಅಯ್ಯೋ ಅನಿಸಿತು. ಅವನ ಬೆನ್ನು ತಟ್ಟಿ, ಇಸ್ತ್ರಿ ಶರ್ಟಿನ ತೋಳು ಮಡಚಿದರು. "ಯಾಕಯ್ಯಾ ಯೋಚ್ನೆ? ನೀನೊಬ್ಬನೇ ಜೋಡಿಸ್ಬೇಕು, ಅಷ್ಟೇ ತಾನೇ? ನಾವೆಲ್ಲ ಸೇರಿ ಜೋಡಿಸಿಕೊಡ್ತೀವಿ ಬಿಡು. ಮಾಸ್ಟ್ರೇ, ಸ್ಪ್ಯಾನರ್ ತಗೊಳ್ರೀ!"