ಮೊದಲು ಕಟ್ಟಿದವರು ಯಾರು?

ನಮ್ಮ ಇಂಡಿ ಊರಿನ ಫುಟ್‌ಬಾಲ್ ಕ್ಲಬ್ಬುಗಳ ಆರಂಭದ ಇತಿಹಾಸ ಬರೆದುಕೊಡಿ ಎಂದು ಹಳೆಯ ಆಟಗಾರರ ಕೂಟದವರು ನಮ್ಮ ಮನೆಗೆ ಬಂದು ಕೇಳಿದಾಗ ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ಯೋಚಿಸುವುದು ನನ್ನ ಸ್ವಭಾವದಲ್ಲಿಲ್ಲ. ನಾನು ಕಾಲೇಜಿನಲ್ಲಿ ಇತಿಹಾಸ ಹೇಳುವವನು. ವರ್ಷಕ್ಕೊಮ್ಮೆ ವಿದ್ಯಾರ್ಥಿಗಳನ್ನು ಸಾಲೋಟಗಿಗೆ ಕರೆದೊಯ್ದು, ಶಾಸನದ ಮುಂದೆ ನಿಂತು, ಸಾವಿರ ವರ್ಷದ ಹಿಂದೆ ಯಾರು ಯಾರಿಗೆ ಏನು ಕೊಟ್ಟರೆಂದು ಒಂದೇ ಉಸಿರಿನಲ್ಲಿ ಹೇಳಿ ಮುಗಿಸುವವನು. ಅಂಥವನಿಗೆ ಮೊನ್ನೆ ಮೊನ್ನೆ ಚಡ್ಡಿ ಹಾಕಿಕೊಂಡು ಚೆಂಡಿನ ಹಿಂದೆ ಓಡಿದವರ ಇತಿಹಾಸ ಯಾವ ಲೆಕ್ಕ! ಹದಿನೈದು ದಿನದಲ್ಲಿ ಪುಸ್ತಕ ನಿಮ್ಮ ಕೈಯಲ್ಲಿರುತ್ತದೆ ಎಂದೆ. ಪಾಪ, ಅವರು ಮೂರು ತಿಂಗಳು ಕೊಡಲು ಬಂದಿದ್ದರು.

ನನ್ನ ಬಗ್ಗೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನನಗೆ ಒಂದು ಕಡೆ ಕೂರಲು ಬರುವುದಿಲ್ಲ. ಊಟಕ್ಕೆ ಕುಳಿತರೆ ಕೊನೆಯ ತುತ್ತು ಬಾಯಲ್ಲಿರುವಾಗಲೇ ಕೈ ತೊಳೆಯಲು ಎದ್ದಿರುತ್ತೇನೆ. ಬಸ್ಸು ನಿಲ್ದಾಣದೊಳಗೆ ತಿರುಗುವ ಮುನ್ನವೇ ಬಾಗಿಲಲ್ಲಿ ನಿಂತಿರುತ್ತೇನೆ. ಎದುರಿನವರ ಮಾತು ಅರ್ಧಕ್ಕೆ ಬಂದಾಗ ಉಳಿದ ಅರ್ಧವನ್ನು ನಾನೇ ಹೇಳಿ ಅವರ ಶ್ರಮ ಉಳಿಸುತ್ತೇನೆ. ಇದನ್ನು ನಾನು ಚುರುಕುತನ ಎನ್ನುತ್ತೇನೆ. ನನ್ನ ಹೆಂಡತಿ ಶಕುಂತಲಾ ಬೇರೆ ಪದ ಬಳಸುತ್ತಾಳೆ. ಅದು ಪುಸ್ತಕದ ಭಾಷೆಯಲ್ಲ.

ಈ ಇತಿಹಾಸದಲ್ಲಿ ಒಂದೇ ಒಂದು ತೊಡಕಿತ್ತು. ಅದು ನನ್ನ ಮಾವ. ಮಾವ ಚನ್ನಬಸಪ್ಪನವರು ಈಗ ಸಿಂದಗಿಯಲ್ಲಿ ಮಗನ ಮನೆಯಲ್ಲಿದ್ದಾರೆ. ವಯಸ್ಸಿನಲ್ಲಿದ್ದಾಗ ಇಂಡಿಯಲ್ಲೇ ಇದ್ದವರು. ಊರಿನ ಮೊದಲ ಫುಟ್‌ಬಾಲ್ ಕ್ಲಬ್ ಕಟ್ಟಿದ್ದು ತಾನೇ ಎಂದು ಅವರು ನಮ್ಮ ಮದುವೆಯ ಚಪ್ಪರದಲ್ಲೇ ನನಗೆ ಹೇಳಲು ಶುರು ಮಾಡಿದ್ದರು. ಪೂರ್ತಿ ಕೇಳಿರಲಿಲ್ಲ. ಆಮೇಲೆ ಮೂವತ್ತು ವರ್ಷದಲ್ಲಿ ಎಷ್ಟೋ ಸಲ ಶುರು ಮಾಡಿದರು. ನಾನು ಅಷ್ಟೂ ಸಲ "ಹೌದ್ರಿ ಮಾವ, ಗೊತ್ತೈತಿ" ಎಂದು ಎದ್ದಿದ್ದೆ.

"ಈಗರೆ ನಮ್ಮಪ್ಪನ ಹೆಸರು ಬರ್ತೈತಲ್ರಿ?" ಎಂದು ಶಕುಂತಲಾ ಕೇಳಿದಳು. ಅವಳ ಮುಖದಲ್ಲಿ ಆಸೆ ಇತ್ತು. ಆದರೆ ನಾನು ಇತಿಹಾಸಕಾರ. ಮಾವನ ಮಾತು ಮಾವನ ಮಾತು, ಆಧಾರವಲ್ಲ! ಕ್ಲಬ್ಬಿನ ಏಕೈಕ ಹಳೆಯ ಫೋಟೋ ಕೂಟದವರ ಬಳಿ ಇತ್ತು. ಅದರಲ್ಲಿ ಹನ್ನೊಂದು ಜನ ಇದ್ದಾರೆ, ಮಾವ ಇಲ್ಲ. ಸಿಂದಗಿಗೆ ಫೋನ್ ಮಾಡಿ, ಸ್ಥಾಪಕರೇ ಫೋಟೋದಲ್ಲಿ ಇಲ್ಲದಿರುವುದು ಹೇಗೆ ಎಂದು ಕೇಳಿದೆ. ಮಾವ "ಅವತ್ತ ಒಂದ್ ಅಡಚಣಿ ಇತ್ರಿ ಮಾಸ್ತರ್ರ" ಎಂದರು. ಅಡಚಣೆಯನ್ನು ಆಧಾರವೆಂದು ಯಾವ ಇತಿಹಾಸವೂ ಒಪ್ಪುವುದಿಲ್ಲ. ಫೋನ್ ಇಟ್ಟೆ.

ಆ ಕಾಲದ ಗೋಲ್‌ಕೀಪರ್ ಗುರುಲಿಂಗಪ್ಪ ಕಾಕಾ ಇನ್ನೂ ಇದ್ದಾರೆ. ಪೇಟೆಯಲ್ಲಿ ಅವರದು ಹಗ್ಗ, ಬಾರುಕೋಲಿನ ಅಂಗಡಿ. ಅವರನ್ನು ಕೇಳಿದರೆ ಒಂದೇ ಏಟಿಗೆ ತೀರ್ಮಾನವಾಗುತ್ತದೆಂದು ಸ್ಕೂಟರ್ ತೆಗೆದುಕೊಂಡು ಹೋದೆ. ಕಾಕಾ ಸಾವಕಾಶದ ಮನುಷ್ಯ. ಮೈದಾನದ ಕಲ್ಲು ಆರಿಸಿದ್ದರಿಂದ ಆರಂಭಿಸಿದರು. ಕಲ್ಲು ಮುಗಿಯಲು ಕಾಲು ಗಂಟೆ ಹಿಡಿಯಿತು. ಆಮೇಲೆ ಸೊಲ್ಲಾಪುರದಿಂದ ಚರ್ಮದ ಚೆಂಡು ತಂದ ಕಥೆಗೆ ಬಂದರು. ನನ್ನ ಕಾಲು ತಾನಾಗಿಯೇ ಅಲ್ಲಾಡತೊಡಗಿತ್ತು. ಅಷ್ಟರಲ್ಲಿ ಹೊರಗೆ ಲಿಂಬೆಹಣ್ಣಿನ ಟೆಂಪೋದವನು ಹಾರ್ನ್ ಬಾರಿಸಿದ. ನನ್ನ ಸ್ಕೂಟರ್ ಅವನ ದಾರಿಗೆ ಅಡ್ಡ ಇತ್ತು. ದೇವರೇ ಬಿಡಿಸಿದನೆಂದು ಓಡಿದೆ. ಸ್ಕೂಟರ್ ಸರಿಸಿ, ಟೆಂಪೋದವನಿಗೆ ಎರಡು ಮಾತು ಹೇಳಿ, ಅವನಿಂದ ನಾಲ್ಕು ಕೇಳಿ ವಾಪಸು ಬಂದಾಗ ಕಾಕಾ ಇನ್ನೂ ಮಾತಾಡುತ್ತಲೇ ಇದ್ದರು. ಕುರ್ಚಿ ಖಾಲಿ ಇದೆಯೆಂಬುದನ್ನೂ ಅವರು ಗಮನಿಸಿರಲಿಲ್ಲ.

ನಾನು ನಿಂತೇ ನೇರವಾಗಿ ಮುಖ್ಯ ಪ್ರಶ್ನೆ ಹಾಕಿದೆ.

"ಅದಿರ್ಲಿ ಕಾಕಾ, ಮೊದ್ಲ ಕಟ್ಟಿದಾಂವ ಯಾರ್ರಿ?"

"ಮಾಬುಸಾಬ" ಎಂದರು ಕಾಕಾ, ಒಂದಿಷ್ಟೂ ತಡೆಯದೆ. "ಅಂವನ್ನ ಬಿಟ್ರ ಯಾರ ಕೈಲೂ ಆಗತಿದ್ದಿಲ್ಲ. ಅಂವಾ ಕಟ್ಟಿದಾ ಅಂದ್ರ ಒಂದ್ ಚೂರ ಗಾಳಿ ಹೊರಗ ಹೋಗತಿದ್ದಿಲ್ಲ."

ಆಹಾ! ಎಂಥ ಬಿಗಿ ಆಡಳಿತ! ನಾನು ಬರೆದುಕೊಂಡೆ. ಎಲ್ಲಿ ಕಟ್ಟಿದರು ಎಂದು ಕೇಳಿದೆ. ಇದೇ ಅಂಗಡಿಯ ಕಟ್ಟೆಯ ಮೇಲೆ, ಇಬ್ಬರು ಮೇಲೆ ಕೂತು ಒತ್ತಿ ಹಿಡಿಯಬೇಕಿತ್ತು ಎಂದರು. ಮೇಲಿನವರ ಒತ್ತಡ ಎಂದು ಬರೆದುಕೊಂಡೆ. ಎಷ್ಟು ದಿನ ಉಳಿಯಿತು ಎಂದೆ. ಕೆಲವೊಮ್ಮೆ ಒಂದೇ ಮ್ಯಾಚಿಗೆ ಮುಗಿಯುತ್ತಿತ್ತಂತೆ. ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುತ್ತಿರಲಿಲ್ಲವಂತೆ, ಒಳಗೆ ಹರಿದಿರುತ್ತಿತ್ತಂತೆ. ಆಗ ಮಾಬುಸಾಬ ಪೂರಾ ಬಿಚ್ಚಿ, ಒಳಗಿನದನ್ನು ಸರಿ ಮಾಡಿ, ತಿರುಗಿ ಕಟ್ಟುತ್ತಿದ್ದನಂತೆ. ಮಳೆಗಾಲದಲ್ಲಂತೂ ಭಾರ ತಡೆಯಲು ಆಗುತ್ತಿರಲಿಲ್ಲವಂತೆ.

"ಎಲ್ಲಾರೂ ಒದಿಯಾವ್ರ" ಎಂದು ಕಾಕಾ ನಿಟ್ಟುಸಿರು ಬಿಟ್ಟರು. "ಜ್ವಾಕಿ ಮಾಡಾಂವ ಅಂವೊಬ್ಬನ."

ನನ್ನ ಕಣ್ಣು ತುಂಬಿ ಬಂತು. ಕಾಕಾ ಇನ್ನೇನೋ ಹೇಳಲು ಬಾಯಿ ತೆರೆದಿದ್ದರು. ನಾನಾಗಲೇ ಸ್ಕೂಟರ್ ಒದ್ದು ಶುರು ಮಾಡಿದ್ದೆ.

ಅಂದೇ ಸಂಜೆ ಬರೆಯಲು ಕೂತೆ. ಅಂದರೆ ನಿಂತೆ. ಮಾಬುಸಾಬ ಪುಸ್ತಕದಲ್ಲಿ ಮಹಿಬೂಬಸಾಹೇಬರಾದರು. "ಊರಿಗೆ ಊರೇ ಒದ್ದರೂ ಎದೆಗುಂದದೆ, ಒಳಗೊಳಗೇ ಹರಿದುಹೋಗಿದ್ದ ಸಂಘವನ್ನು ಮತ್ತೆ ಮತ್ತೆ ಬಿಚ್ಚಿ ಕಟ್ಟಿದ ಮಹನೀಯರು ಮಹಿಬೂಬಸಾಹೇಬರು. ಮೇಲಿನಿಂದ ಎಷ್ಟೇ ಒತ್ತಡ ಬಂದರೂ ಸಂಘದ ಗುಟ್ಟು ಗಾಳಿಯಷ್ಟೂ ಹೊರಹೋಗದಂತೆ ಅವರು ಕಾಪಾಡಿದರು." ಓದಿ ನನಗೇ ರೋಮಾಂಚನವಾಯಿತು. ಫೋಟೋದ ಮಧ್ಯದಲ್ಲಿ ತೊಡೆಯ ಮೇಲೆ ಚೆಂಡು ಇಟ್ಟುಕೊಂಡು ಕೂತವರು ಮಾಬುಸಾಬರೇ ಎಂದು ಕೂಟದವರು ಗುರುತಿಸಿದಾಗ ನನಗಿದ್ದ ಕೊನೆಯ ಅನುಮಾನವೂ ಹೋಯಿತು. ಸ್ಥಾಪಕರಲ್ಲದೆ ಇನ್ಯಾರು ಹಾಗೆ ಕೂರುತ್ತಾರೆ? ಆ ಫೋಟೋವನ್ನೇ ಮುಖಪುಟಕ್ಕೆ ಹಾಕಿಸಿದೆ.

ಶಕುಂತಲಾ ಕೈಬರಹ ಓದಿದಳು.

"ಏನ್ ಕಟ್ಟಿದ್ರು ಅಂತ ಕೇಳಿದ್ರೇನು?" ಎಂದಳು.

ಫುಟ್‌ಬಾಲ್ ಕ್ಲಬ್ಬಿನ ಬಗ್ಗೆ ಕೇಳಲು ಹೋದವನು ಇನ್ನೇನು ಕಟ್ಟಿದ್ದನ್ನು ಕೇಳುತ್ತಾನೆ, ಎಮ್ಮೆಯನ್ನೇ ಎಂದು ರೇಗಿದೆ. ಮಾಬುಸಾಬರು ಈಗ ಮುದ್ದೇಬಿಹಾಳದಲ್ಲಿ ಮಗಳ ಮನೆಯಲ್ಲಿದ್ದಾರಲ್ಲ, ಒಂದು ಸಲ ಹೋಗಿ ಅವರನ್ನೇ ಕೇಳಿ ಬನ್ನಿ ಎಂದಳು. ಫೋನ್ ಮಾಡಿದ್ದೆ. ಅಪ್ಪನಿಗೆ ಫೋನಿನಲ್ಲಿ ಮಾತು ಕೇಳಿಸುವುದಿಲ್ಲ, ಮನೆಗೇ ಬನ್ನಿ ಎಂದು ಮಗಳು ಹೇಳಿದ್ದಳು. ಮುದ್ದೇಬಿಹಾಳದವರೆಗೆ ಬಸ್ಸಿನಲ್ಲಿ ಕೂರುವುದೆಂದರೆ! ಬದಲಿಗೆ ಒಂದು ಚೆಂದದ ಆಮಂತ್ರಣ ಬರೆದು ಕಳಿಸಿದೆ: "ಇಂಡಿಯಲ್ಲಿ ಮೊಟ್ಟಮೊದಲು ಕಟ್ಟಿದ ಕೈಗಳಿಗೆ ಊರಿನ ಗೌರವ." ಈ ವಾಕ್ಯದ ಮೇಲೆ ನನಗೆ ಬಹಳ ಪ್ರೀತಿ ಇತ್ತು.

"ನಮ್ಮಪ್ಪ ಸುಳ್ಳ ಹೇಳಾಂವ ಅಲ್ಲ" ಎಂದಳು ಶಕುಂತಲಾ. ಅಷ್ಟೇ. ಆಮೇಲೆ ಎಂಟು ದಿನ ನನಗೆ ಊಟ ಸಿಕ್ಕಿತು, ಮಾತು ಸಿಗಲಿಲ್ಲ. ನಿಷ್ಪಕ್ಷಪಾತಿಯಾದ ಇತಿಹಾಸಕಾರನಿಗೆ ಇದೆಲ್ಲ ಇದ್ದದ್ದೇ ಎಂದು ನನ್ನನ್ನೇ ಹೊಗಳಿಕೊಂಡೆ.

ಭಾನುವಾರ ಸಂಜೆ ಮೈದಾನದಲ್ಲಿ ಸಮಾರಂಭ. ಮೊದಲು ಇಂಡಿಯ ಹಳಬರಿಗೂ ಬಸವನ ಬಾಗೇವಾಡಿಯ ಹಳಬರಿಗೂ ಒಂದು ಮ್ಯಾಚು. ಎರಡೂ ಕಡೆಯವರು ಚೆಂಡಿಗಿಂತ ಹೆಚ್ಚಾಗಿ ಸೊಂಟ ಹಿಡಿದುಕೊಂಡು ಆಡಿದರು. ನಾನು ಆಟಗಾರರಿಗಿಂತ ಹೆಚ್ಚು ಓಡಿದೆ. ಮೈಕಿನವನ ಹತ್ತಿರ, ಹಾರದವನ ಹತ್ತಿರ, ಮತ್ತೆ ಮೈಕಿನವನ ಹತ್ತಿರ. ಅಷ್ಟರಲ್ಲಿ ಮಾವ ಸಿಂದಗಿಯಿಂದ ಬಂದರು. ಇಸ್ತ್ರಿ ಮಾಡಿದ ಧೋತರ, ಬಿಳಿ ಅಂಗಿ, ತಲೆಗೆ ಟೊಪ್ಪಿಗೆ. ಮಗಳು ಅವರಿಗೆ ಏನೂ ಹೇಳಿರಲಿಲ್ಲ. ನಾನು ಓಡುತ್ತಲೇ ಅವರ ಕೈಗೊಂದು ಪುಸ್ತಕ ತುರುಕಿದೆ. ವಾಪಸು ಓಡಿಬರುವಾಗ ನೋಡಿದರೆ ಮಾವ ಕನ್ನಡಕ ಹಾಕಿಕೊಂಡು ಮೊದಲ ಪುಟ ಓದುತ್ತಿದ್ದರು. ಮೂರನೆಯ ಸಲ ಹಾಯುವಾಗ ಕನ್ನಡಕ ತೆಗೆದಿಟ್ಟಿದ್ದರು.

"ಛಾಪು ಚಲೋ ಆಗೇತ್ರಿ" ಎಂದು ಅಚ್ಚನ್ನು ಹೊಗಳಿದರು. ಆಮೇಲೆ ಸಿಂದಗಿಗೆ ವಾಪಸು ಬಸ್ಸು ಎಷ್ಟು ಹೊತ್ತಿಗಿದೆ ಎಂದು ಕೇಳಿದರು. ಕೇಳಿ, ಕೊನೆಯ ಸಾಲಿನ ಕೊನೆಯ ಕುರ್ಚಿಯಲ್ಲಿ ಹೋಗಿ ಕೂತರು. ನನಗೆ ಎಲ್ಲೋ ಚುಚ್ಚಿತು. ನಿಂತು ಯೋಚಿಸಿದ್ದರೆ ಇನ್ನೂ ಚುಚ್ಚುತ್ತಿತ್ತೇನೋ. ನಿಲ್ಲಲಿಲ್ಲ.

ಮಾಬುಸಾಬರು ಮಗಳ ಕೈ ಹಿಡಿದುಕೊಂಡು ವೇದಿಕೆ ಹತ್ತಿದರು. ತೆಳ್ಳಗಿನ ಜೀವ, ಬಿಳಿ ಗಡ್ಡ. ನಾನು ಮುನ್ನುಡಿಯನ್ನು ಗಂಟಲು ಎತ್ತರಿಸಿ ಓದಿದೆ. ಶಾಲು ಹೊದಿಸಿದರು, ಹಾರ ಹಾಕಿದರು. ಸ್ಥಾಪಕ ಅಧ್ಯಕ್ಷರು ಎರಡು ಮಾತು ಹೇಳಬೇಕು ಎಂದು ಮೈಕನ್ನು ಅವರ ಬಾಯಿಗೆ ಹಿಡಿದೆ.

"ನಾ ಕ್ಲಬ್ ಕಟ್ಟಿಲ್ರೆಪಾ" ಎಂದರು ಮಾಬುಸಾಬರು. "ನಾ ಚೆಂಡ ಕಟ್ಟತಿದ್ದೆ."

ಅವರು ಸಮಾಧಾನದಿಂದ ವಿವರಿಸಿದರು. ಆಗಿನ ಚೆಂಡು ಚರ್ಮದ್ದು. ಒಳಗೆ ರಬ್ಬರಿನ ಬ್ಲ್ಯಾಡರ್ ಹಾಕಿ, ಗಾಳಿ ತುಂಬಿ, ಬಾಯಿಗೆ ಚರ್ಮದ ದಾರ ಪೋಣಿಸಿ ಬಿಗಿಯಾಗಿ ಕಟ್ಟಬೇಕಿತ್ತು. ಆ ಕೆಲಸ ಇವರದು. ಚೆಂಡು ಕಟ್ಟಿದವನನ್ನೂ ಊರು ನೆನಪಿಟ್ಟಿದೆಯಲ್ಲ, ಆಮಂತ್ರಣದಲ್ಲಿ ಕಟ್ಟಿದ ಕೈಗಳು ಎಂದು ಬರೆದಿದ್ದಾರಲ್ಲ ಎಂದು ಖುಷಿಯಿಂದ ಬಂದರಂತೆ. ನಾನು ಮುಂದಿನ ಸಾಲಿನಲ್ಲಿದ್ದ ಗುರುಲಿಂಗಪ್ಪ ಕಾಕಾನ ಕಡೆಗೆ ನೋಡಿದೆ. ಕಾಕಾ ಎಲ್ಲರಿಗೂ ಕೇಳುವಂತೆ, "ನಾ ಅದನ್ನ ಹೇಳಾಕತ್ತಿದ್ದೆ. ಇವ್ರು ಗಾಡಿ ತಗಿಯಾಕ ಹ್ವಾದ್ರು" ಎಂದರು.

ನಗು ಮುಂದಿನ ಸಾಲಿನಿಂದ ಎದ್ದು ಹಿಂದಿನ ಸಾಲಿನವರೆಗೂ ಹೋಯಿತು. ಬಾಗೇವಾಡಿಯವರಂತೂ ಸೊಂಟನೋವು ಮರೆತು ನಕ್ಕರು. ನಾನು ಮೈಕು ಕಿತ್ತುಕೊಳ್ಳಲು ನೋಡಿದೆ. ಮುದುಕರ ಹಿಡಿತ ಚೆಂಡು ಕಟ್ಟಿದವರ ಹಿಡಿತ, ಬಿಡಲಿಲ್ಲ.

ಅವರು ಪುಸ್ತಕದ ಮುಖಪುಟವನ್ನು ಎತ್ತಿ ತೋರಿಸಿದರು. "ಈ ಫೋಟೋದಾಗ ನಾ ಹಾಕ್ಕೊಂಡ ಚಡ್ಡಿ ಐತಲ್ಲ, ಇದು ಚನ್ನಬಸಪ್ಪಂದು. ಕ್ಲಬ್ ಕಟ್ಟಿದಾಂವ ಅಂವಾ. ಅವತ್ತ ನನಗ ಚಡ್ಡಿ ಇದ್ದಿಲ್ಲ. ಚೆಂಡ ಕಟ್ಟಿದಾಂವ ಫೋಟೋದಾಗ ಇರಲಿಕ್ಕಂದ್ರ ಹ್ಯಾಂಗ ಅಂತ ತನ್ನ ಚಡ್ಡಿ ಬಿಚ್ಚಿ ಕೊಟ್ಟು, ಫೋಟೋ ಮುಗಿಯೂತನಕ ಗೋಡಿ ಹಿಂದ ಟವಲ್ ಸುತಗೊಂಡು ಕುಂತಿದ್ದ."

ಅದೇ ಅಡಚಣೆ!

ಚನ್ನಬಸಪ್ಪ ಎಲ್ಲಿದ್ದಾನೆ ಎಂದು ಅವರು ಕೇಳಿದರು. ಜನ ಹಿಂದಕ್ಕೆ ತಿರುಗಿದರು. ಕೊನೆಯ ಕುರ್ಚಿಯಲ್ಲಿ ಮಾವ ಟೊಪ್ಪಿಗೆಯನ್ನು ಹಣೆಯವರೆಗೆ ಎಳೆದುಕೊಂಡಿದ್ದರು. ಅವರು ಮೇಲೆ ಬರಲು ಒಪ್ಪದಿದ್ದಾಗ ಮಾಬುಸಾಬರೇ ಕೆಳಗಿಳಿದು, ಮಗಳ ಕೈ ಹಿಡಿದು, ಸಾಲುಗಳ ನಡುವೆ ನಡೆದು ಅವರ ಪಕ್ಕದಲ್ಲಿ ಕೂತರು. ಇಬ್ಬರೂ ಒಬ್ಬರ ಕೈಯನ್ನೊಬ್ಬರು ಹಿಡಿದುಕೊಂಡರು. ಎಷ್ಟು ವರ್ಷವಾಗಿತ್ತೋ ನೋಡಿ. ಜನ ಒಬ್ಬೊಬ್ಬರಾಗಿ ಎದ್ದು ತಮ್ಮ ಕುರ್ಚಿಗಳನ್ನು ಅವರ ಕಡೆಗೆ ತಿರುಗಿಸಿಕೊಂಡರು. ಸಭೆಯ ಅಧ್ಯಕ್ಷರು ಅತ್ತ ಹೋದರು, ಅತಿಥಿಗಳು ಹೋದರು, ಮೈಕಿನವನು ವೈರು ಎಳೆದುಕೊಂಡು ಹೋದ. ವೇದಿಕೆಯ ಮೇಲೆ ನಾನೊಬ್ಬನೇ ಉಳಿದೆ. ಊರಿನ ಬೆನ್ನುಗಳನ್ನೆಲ್ಲ ಒಟ್ಟಿಗೆ ನೋಡುವ ಭಾಗ್ಯ ಎಲ್ಲರಿಗೂ ಸಿಗುವುದಿಲ್ಲ.

ಆಮೇಲೆ ಮಾವನ ಹತ್ತಿರ ಹೋಗಿ, ಇದನ್ನೆಲ್ಲ ನನಗೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಕೇಳುವ ಧೈರ್ಯ ಹೇಗೆ ಬಂತೋ ಗೊತ್ತಿಲ್ಲ.

"ಸುರು ಮಾಡತಿದ್ದೆ" ಎಂದರು ಮಾವ. "ನೀವ ಮುಗಸತಿದ್ರಿ."

ಮೂವತ್ತು ವರ್ಷ! ನನಗೆ ನಿಜಕ್ಕೂ ನಾಚಿಕೆಯಾಯಿತು. ಆ ದಿನ ಮೊದಲ ಸಲ ಒಂದು ಕುರ್ಚಿ ಎಳೆದುಕೊಂಡು ಅವರ ಎದುರು ಕೂತೆ. ಮಾವ ನನ್ನ ಕಿವಿಯ ಹತ್ತಿರ ಬಾಗಿದರು.

"ಎಲ್ಲಾ ಬರೀರಿ ಮಾಸ್ತರ್ರ. ಆ ಟವಲ್ ಸುದ್ದಿ ಒಂದ್ ಬರೀಬ್ಯಾಡ್ರಿ. ಊರಾಗಿನವ್ರು ನಕ್ಕರು ನಡೀತೈತಿ. ಪುಸ್ತಕದಾಗ ಬಂದ್ರ ಮೊಮ್ಮಕ್ಕಳ ಕಾಲಕ್ಕೂ ಉಳಿತೈತಿ."

ಖಂಡಿತ ಬರೆಯುವುದಿಲ್ಲ ಎಂದು ಅವರ ಕೈ ಮುಟ್ಟಿ ಮಾತು ಕೊಟ್ಟೆ. ಪಕ್ಕದಲ್ಲಿದ್ದ ಶಕುಂತಲಾ ಕೂಡ ಕೊಟ್ಟಳು.

ಹೊಸದಾಗಿ ಪುಸ್ತಕ ಬರೆಯುವ ಕೆಲಸವನ್ನು ಕೂಟದವರು ಶಕುಂತಲಾಗೆ ವಹಿಸಿದರು. ನನ್ನನ್ನು ಕೇಳಲೂ ಇಲ್ಲ. ಇಬ್ಬರು ಮುದುಕರನ್ನೂ ಗುರುಲಿಂಗಪ್ಪ ಕಾಕಾನನ್ನೂ ನಮ್ಮ ಪಡಸಾಲೆಯಲ್ಲಿ ಕೂಡಿಸಿಕೊಂಡು ಅವಳು ಮೂರು ದಿನ ಕೇಳಿದಳು. ಬರೀ ಕೇಳಿದಳು. ಮೈದಾನದ ಕಲ್ಲುಗಳ ಅಧ್ಯಾಯವೇ ಹನ್ನೆರಡು ಪುಟ ಬಂದಿದೆ, ಬಹಳ ಚೆನ್ನಾಗಿದೆ. ಸ್ಥಾಪಕರು ಚನ್ನಬಸಪ್ಪನವರು, ಚೆಂಡು ಕಟ್ಟಿದವರು ಮಹಿಬೂಬಸಾಹೇಬರು ಎಂದು ಒಂದೇ ಅಳತೆಯ ಅಕ್ಷರದಲ್ಲಿದೆ. ಕೊನೆಯ ಪುಟದಲ್ಲಿ ನನ್ನ ಹೆಸರೂ ಇದೆ: ಚಹಾ ವ್ಯವಸ್ಥೆ.

ಟವಲಿನ ಪ್ರಸಂಗ ಅದರಲ್ಲಿ ಎಲ್ಲಿಯೂ ಇಲ್ಲ. ಅವಳು ಕೊಟ್ಟ ಮಾತು ಉಳಿಸಿಕೊಂಡಿದ್ದಾಳೆ. ಈ ಬರಹವನ್ನು ನಾನು ನಿನ್ನೆಯೇ ಅವಸರದಲ್ಲಿ ಪತ್ರಿಕೆಗೆ ಕಳಿಸಿದ್ದೆ. ಈ ಕೊನೆಯ ಪ್ಯಾರಾ ಇವತ್ತು ಸೇರಿಸಿದ್ದು. ಇಡೀ ಬರಹವನ್ನು ಕೂತು ಓದಿದ ಶಕುಂತಲಾ, ಟವಲನ್ನು ಪೂರ್ತಿಯಾಗಿ, ಗೋಡೆಯ ಸಮೇತ, ನಾನು ಬರೆದುಬಿಟ್ಟಿರುವುದನ್ನು ತೋರಿಸಿದಳು. ಪತ್ರಿಕೆಯವರಿಗೆ ಫೋನ್ ಮಾಡಿದರೆ, ಆ ಪುಟ ಆಗಲೇ ಅಚ್ಚಿಗೆ ಹೋಗಿದೆಯಂತೆ, ತೆಗೆಯಲು ಬರುವುದಿಲ್ಲವಂತೆ, ಬೇಕಾದರೆ ಇನ್ನೂ ಅಚ್ಚಾಗದ ಕೊನೆಯ ಪುಟಕ್ಕೆ ನಾಲ್ಕು ಸಾಲು ಸೇರಿಸಬಹುದಂತೆ. ಸಿಂದಗಿಗೆ ಪತ್ರಿಕೆ ಮುಟ್ಟುವ ಮುನ್ನ ನಾನು ಮುಟ್ಟಬೇಕು. ಬಸ್ಸಿಗೆ ಇನ್ನೂ ಒಂದು ಗಂಟೆ ಇದೆ, ನಾನು ನಿಲ್ದಾಣದಲ್ಲಿ ನಿಂತಿದ್ದೇನೆ.